ನೂರಕ್ಕೆ ಎಂಬತ್ತೆಂಟು ನೀಲಿ

ಮಾವ ಎರಡನೇ ಲೋಟ ಕೇಳಿದರು.

ನಡೆದದ್ದು ಇಷ್ಟೇ. ಆದರೆ ಹನ್ನೊಂದು ವರ್ಷಗಳಲ್ಲಿ ದೊಡ್ಡ ಸೊಸೆ ಮಾಡಿದ ಯಾವ ಬಿಯರಿಗೂ ಅವರು ಎರಡನೇ ಲೋಟ ಕೇಳಿದವರಲ್ಲ. ಭಾನುವಾರ ಮಧ್ಯಾಹ್ನ ಅವರ ಮೂರನೇ ಮಹಡಿಯ ಮನೆಯಲ್ಲಿ ಇಬ್ಬರು ಗಂಡುಮಕ್ಕಳೂ ಇಬ್ಬರು ಸೊಸೆಯರೂ ಊಟಕ್ಕೆ ಸೇರುವುದು ರೂಢಿ. ದೊಡ್ಡವಳು ಬಾಟಲಿ ತಂದರೆ ಮಾವ ಒಂದು ಲೋಟ ನಿಧಾನವಾಗಿ ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ತಳ ನೋಡಿ, "ತಪ್ಪಿಲ್ಲ" ಎನ್ನುತ್ತಿದ್ದರು. ಹೊಗಳಿಕೆ ಅಷ್ಟೇ. ಮೂವತ್ತನಾಲ್ಕು ವರ್ಷ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡ ಮನುಷ್ಯ. ಮಾತನ್ನೂ ಉಗಿಯ ಹಾಗೆ ಅಳೆದು ಬಿಡುವವರು ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಈಗ ಚಿಕ್ಕ ಸೊಸೆ ತಂದದ್ದು ಅವಳು ಜೀವನದಲ್ಲಿ ಮಾಡಿದ ಮೂರನೇ ಬಿಯರು. ಅಂಗಡಿಯ ಪೊಟ್ಟಣದ ಯೀಸ್ಟ್ ಹಾಕಿ ಮಾಡಿದ್ದು. ಅದಕ್ಕೆ ಮಾವ ಎರಡನೇ ಲೋಟ ಕೇಳಿದ್ದಲ್ಲದೆ, "ಏನು ಘಮ ಇದೆ ಕಣಮ್ಮ ಇದರಲ್ಲಿ!" ಅಂದರು.

"ಸುಮ್ನೆ ಹೇಳ್ತೀರ ಮಾವ," ಎಂದು ಚಿಕ್ಕವಳು ನಾಚಿಕೊಂಡಳು. ನಾಚಿಕೊಂಡದ್ದು ನಿಜವಾಗಿಯೇ. ದೊಡ್ಡವಳಿಗೆ ಅದನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

"ಸುಮ್ನೆ ಹೇಳೋಕೆ ನನಗೇನು ಸಂಬಳ ಕೊಡ್ತೀಯಾ?" ಎಂದು ಮಾವ ನಕ್ಕರು. ಅವರ ಎರಡೂ ಕೈ ಈಗ ನಡುಗುತ್ತವೆ; ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದರು. "ದೊಡ್ಡವಳೇ, ಇವಳಿಗೂ ನಮ್ಮ ಯೀಸ್ಟ್ ಒಂದು ಜಾಡಿ ಕೊಡು. ಏಳು ವಾರಕ್ಕೆ ನನಗೆ ಎಂಬತ್ತು ತುಂಬುತ್ತೆ. ಆವತ್ತಿಗೆ ಇಬ್ಬರೂ ಮಾಡಿ ತನ್ನಿ. ಒಂದೇ ಯೀಸ್ಟು, ಒಂದೇ ಮಾಲ್ಟು. ಅದಕ್ಕೆ ಯಾರ ಕೈ ಒಗ್ಗುತ್ತೆ ನೋಡೋಣ. ಒಗ್ಗಿದವರ ಮನೇಲೇ ಅದು ಇರ್ಲಿ."

ದೊಡ್ಡವಳು "ಆಗಲಿ ಮಾವ" ಅಂದಳು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿದ್ದ ಲೋಟವನ್ನು ಇನ್ನೊಮ್ಮೆ ತೊಳೆದಳು.

ಆ ಯೀಸ್ಟ್ ಮಾವನದು. ಯಾವುದೋ ಸಣ್ಣ ಬಿಯರ್ ಕಾರ್ಖಾನೆ ಮುಚ್ಚುವಾಗ ಅಲ್ಲಿನ ಗೆಳೆಯನೊಬ್ಬ ಅರ್ಧ ಬಾಟಲಿ ತಂದುಕೊಟ್ಟದ್ದನ್ನು ಅವರು ಹತ್ತೊಂಬತ್ತು ವರ್ಷ ಸಾಕಿದರು. ಕೈ ನಡುಗತೊಡಗಿದ ವರ್ಷ ಅದನ್ನು ದೊಡ್ಡ ಸೊಸೆಗೆ ಕೊಟ್ಟರು. ಸ್ವಂತ ಮಕ್ಕಳಿಬ್ಬರಿಗೆ ಕೊಡಲಿಲ್ಲ. "ಇವರಿಬ್ಬರ ಕೈಗೆ ಕೊಟ್ಟರೆ ವಾರಕ್ಕೆ ಸಾಯುತ್ತೆ. ನೀನು ಅಳೆದು ಕೆಲಸ ಮಾಡುವವಳು," ಎಂದಿದ್ದರು. ಅವಳು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಆ ಒಂದು ಮಾತನ್ನು ಅವಳು ಒಡವೆಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದಳು.

ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿನೀರನ್ನು ಬಿಯರ್ ಮಾಡುವುದು ಮನುಷ್ಯರಲ್ಲ, ಯೀಸ್ಟ್. ಮನುಷ್ಯರು ಪಾತ್ರೆ ತೊಳೆದು ಕಾಯುತ್ತಾರೆ, ಅಷ್ಟೆ. ಆದರೆ ತಿಂಗಳುಗಟ್ಟಲೆ ಫ್ರಿಜ್‌ನಲ್ಲಿ ಮಲಗಿದ್ದ ಯೀಸ್ಟನ್ನು ಏಕಾಏಕಿ ಇಪ್ಪತ್ತು ಲೀಟರ್ ಡ್ರಮ್ಮಿಗೆ ಸುರಿದರೆ ಅದು ಕಂಗಾಲಾಗುತ್ತದೆ. ಎರಡು ದಿನ ಮೊದಲು ಅದನ್ನು ಎಬ್ಬಿಸಬೇಕು. ಈ ಮನೆಯಲ್ಲಿ ಬಳಸುವ ಮಾತೇ ಅದು, ಎಬ್ಬಿಸುವುದು. ಒಂದು ಲೀಟರ್ ನೀರಿಗೆ ನೂರು ಗ್ರಾಂ ಮಾಲ್ಟ್ ಪುಡಿ ಬೆರೆಸಿ ಹದಿನೈದು ನಿಮಿಷ ಕುದಿಸಿ, ಇಪ್ಪತ್ತೆರಡು ಡಿಗ್ರಿಗೆ ಆರಿಸಿ, ಅದಕ್ಕೆ ಯೀಸ್ಟ್ ಬಿಡಬೇಕು. ಬಾಟಲಿಯ ಬಾಯಿಗೆ ಮುಚ್ಚಳ ಬಿಗಿಯಬಾರದು. ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ, ಹೋಗುತ್ತಾ ಬರುತ್ತಾ ಕುಲುಕುತ್ತಿರಬೇಕು. ಅದಕ್ಕೆ ಗಾಳಿ ಬೇಕು. ಎದ್ದ ಯೀಸ್ಟಿನಲ್ಲಿ ಒಂದು ಪಾಲನ್ನು ಡ್ರಮ್ಮಿಗೆ ಹಾಕುವ ಮೊದಲೇ ಹೊಸ ಜಾಡಿಗೆ ತೆಗೆದಿಡಬೇಕು. ಹಾಗೆ ತೆಗೆದಿಟ್ಟ ಪ್ರತಿ ಜಾಡಿಗೂ ದೊಡ್ಡವಳು ಕಾಗದದ ಟೇಪಿನ ಮೇಲೆ ತಾರೀಕು ಮತ್ತು ತಲೆಮಾರಿನ ಸಂಖ್ಯೆ ಬರೆದು ಅಂಟಿಸುತ್ತಿದ್ದಳು. ಈಗ ನಡೆಯುತ್ತಿದ್ದದ್ದು ನಲವತ್ತೊಂದನೆಯ ತಲೆಮಾರು.

ಫ್ರಿಜ್‌ನ ಬಾಗಿಲಿಗೆ ಅವಳದೇ ಕೈಬರಹದ ನಿಯಮಗಳಿದ್ದವು. ಒಂದು, ಚೀಟಿಯಿಲ್ಲದ ಜಾಡಿ ಒಳಗಿರಕೂಡದು. ಎರಡು, ಆರು ತಿಂಗಳು ದಾಟಿದ ಜಾಡಿಯನ್ನು ಚೆಲ್ಲಿ, ಕುದಿಯುವ ನೀರಿನಲ್ಲಿ ತೊಳೆಯಬೇಕು. ಬಸ್ ಡಿಪೋದಲ್ಲಿ ವೇಳೆ ಬರೆದುಕೊಳ್ಳುವ ಕೆಲಸದ ಅವಳ ಗಂಡ ಪ್ರತಿ ತಿಂಗಳ ಮೊದಲ ಶನಿವಾರ ಫ್ರಿಜ್ ಒರೆಸುತ್ತಿದ್ದ. ಬಸ್ಸು ಎರಡು ನಿಮಿಷ ತಡವಾದರೆ ಎರಡು ನಿಮಿಷ ತಡ ಎಂದೇ ಬರೆಯುವ ಮನುಷ್ಯ. ನಿಯಮವೆಂದರೆ ನಿಯಮ.

ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಫ್ರಿಜ್ ತೆರೆದಳು. ಕೆಳಗಿನ ಶೆಲ್ಫಿನಲ್ಲಿ ಎರಡು ಜಾಡಿಗಳು. ಒಂದಕ್ಕೆ ಐದು ವಾರ. ನಲವತ್ತೊಂದನೆಯ ತಲೆಮಾರು, ಬೆಣ್ಣೆಯ ಬಣ್ಣ. ಇನ್ನೊಂದಕ್ಕೆ ಐದು ತಿಂಗಳು ಇಪ್ಪತ್ತು ದಿನ. ಮೂವತ್ತೊಂಬತ್ತನೆಯದು, ತಳ ಕಂದಿತ್ತು. ಎಷ್ಟು ದಿನಕ್ಕೆ ಎಷ್ಟು ಸಾಯುತ್ತದೆ ಎಂದು ತಿಳಿಯುವ ಕುತೂಹಲಕ್ಕೆ ಅದನ್ನು ಉಳಿಸಿಕೊಂಡು, ತಿಂಗಳಿಗೊಮ್ಮೆ ಒಂದು ಹನಿಯನ್ನು ಕೆಲಸದ ಜಾಗಕ್ಕೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ಹನಿಗೆ ಮೆಥಿಲೀನ್ ನೀಲಿ ಬೆರೆಸಿದರೆ ಬದುಕಿರುವ ಜೀವಕೋಶ ಬಣ್ಣವನ್ನು ಒಳಗೇ ಅಳಿಸಿಹಾಕಿ ಬೆಳ್ಳಗೆ ಉಳಿಯುತ್ತದೆ. ಸತ್ತದ್ದಕ್ಕೆ ಆ ಶಕ್ತಿ ಇಲ್ಲ, ನೀಲಿಯಾಗಿಬಿಡುತ್ತದೆ. ಹಿಂದಿನ ವಾರ ಎಣಿಸಿದಾಗ ನೂರಕ್ಕೆ ಎಂಬತ್ತೆಂಟು ನೀಲಿ.

ಅಂದರೆ ತಾನು ಮಾಡುತ್ತಿರುವುದು ಏನೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವಳಿಗೆ ಅದು ಶೇಕಡಾವಾರು ಗೊತ್ತಿತ್ತು.

ಐದು ವಾರದ ಜಾಡಿಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಹಳೆಯದರ ಚೀಟಿಯನ್ನೂ ಬಿಡಿಸಿದಳು. ಹೊಸ ಚೀಟಿಯನ್ನು ಹಳೆಯ ಜಾಡಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಒರೆಸಿದಳು. ಒಳ್ಳೆಯ ಜಾಡಿ ಈಗ ಬೆತ್ತಲೆ ನಿಂತಿತ್ತು. ಅದನ್ನು ಹಾಗೆಯೇ ಒಳಗಿಡಬಹುದಿತ್ತು. ಬೇರೆ ಯಾರಾದರೂ ಹಾಗೆಯೇ ಇಡುತ್ತಿದ್ದರು. ಆದರೆ ಚೀಟಿಯಿಲ್ಲದ ಜಾಡಿ ಫ್ರಿಜ್‌ನಲ್ಲಿ ಇರುವುದೆಂದರೆ ಅವಳಿಗೆ ಮೈಮೇಲೆ ಹುಳು ಹರಿದ ಹಾಗೆ. ಸಂಜೆ ಸರಿಯಾದ ಚೀಟಿ ಬರೆದರಾಯಿತು ಎಂದುಕೊಂಡು, ಬೆರಳಿಗೆ ಅಂಟಿಕೊಂಡಿದ್ದ ಹಳೆಯ ಚೀಟಿಯನ್ನು ಅದರ ಮೇಲೆ ಹಚ್ಚಿ ಬಾಗಿಲು ಮುಚ್ಚಿದಳು.

ಮರುದಿನ ಚಿಕ್ಕವಳು ಆಸ್ಪತ್ರೆಯ ಪಾಳಿ ಮುಗಿಸಿಕೊಂಡು ಬಂದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಅವಳು ನರ್ಸ್. ಕುರ್ಚಿಯಲ್ಲಿ ಕುಳಿತವಳೇ ಶೂ ಕಳಚಿ ಕಾಲು ಚಾಚಿದಳು.

"ಅಕ್ಕ, ನನಗೆ ಭಯ ಆಗ್ತಿದೆ. ಇಷ್ಟು ವರ್ಷದ್ದು. ನನ್ನ ಕೈಲಿ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ನೀರು ಒಂದು ಲೀಟರ್, ಮಾಲ್ಟ್ ನೂರು ಗ್ರಾಂ. ಎಲ್ಲ ಒಂದೇ ಸಲ. ಬರ್ಕೋ."

"ನನ್ನ ತಲೇಲಿರುತ್ತೆ ಬಿಡಿ." ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಥೇಟ್ ಮಾವ ಲೋಟ ಹಿಡಿಯುವ ಹಾಗೆ. "ಸ್ವಲ್ಪ ಕಪ್ಪಾಗಿದೆ ಅಲ್ವಾ ಅಕ್ಕ?"

"ಗಾಜಿನ ಬಣ್ಣ."

ಅದು ಸುಳ್ಳು. ಎಬ್ಬಿಸುವ ಕ್ರಮದಲ್ಲಿ ಮಾತ್ರ ಅವಳು ಒಂದಕ್ಷರ ತಪ್ಪು ಹೇಳಲಿಲ್ಲ. ಗಟ್ಟಿಮುಟ್ಟಾದ ಯೀಸ್ಟಿಗೆ ಅದೇ ಕ್ರಮ. ನೂರಕ್ಕೆ ಹನ್ನೆರಡು ಬದುಕಿರುವ ಯೀಸ್ಟಿಗೆ ಅಷ್ಟು ಸಿಹಿನೀರು ಹಾಕಿದರೆ ಮೇಲೇಳುವ ಮೊದಲೇ ಅದು ಸುಸ್ತಾಗುತ್ತದೆ; ಆ ಸಂದಿಯಲ್ಲಿ ಬೇಡದ ಸೂಕ್ಷ್ಮಜೀವಿಗಳು ಬಂದು ನೆಲೆಯೂರುತ್ತವೆ. ಇದನ್ನು ಹೇಳಲಿಲ್ಲ. ಚಿಕ್ಕವಳು ಜಾಡಿಯನ್ನು ತನ್ನ ಸ್ವೆಟರಿನಲ್ಲಿ ಸುತ್ತಿ, ಎದೆಗವಚಿಕೊಂಡು ಹೋದಳು.

ಶನಿವಾರ ಅವಳಿಂದ ಸಂದೇಶ ಬಂತು: "ಅಕ್ಕ, ಇನ್ನೂ ಎದ್ದಿಲ್ಲ." ದೊಡ್ಡವಳು ಅದನ್ನು ಮೂರು ಸಲ ಓದಿದಳು. ಮೂರನೆಯ ಸಲ ಓದಿದ್ದು ಸುಖಕ್ಕೆ. "ಕಾದು ನೋಡು," ಎಂದು ಉತ್ತರ ಹಾಕಿದಳು.

ಆ ರಾತ್ರಿಯೇ ದೊಡ್ಡ ಕೊಳವೆಯೊಂದು ಒಡೆದು ಮೂರು ಬಡಾವಣೆಗೆ ಕೆಸರುನೀರು ಹೋಯಿತು. ಮುಂದಿನ ವಾರವಿಡೀ ದೊಡ್ಡವಳಿಗೆ ಮನೆ ಕಡೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬಾಟಲಿಗಳ ಪೆಟ್ಟಿಗೆ ಹೊತ್ತು ನಲ್ಲಿಯಿಂದ ನಲ್ಲಿಗೆ ಅಲೆದು ಮಾದರಿ ತರುವುದು, ತಂದದ್ದನ್ನು ಪರೀಕ್ಷೆಗಿಡುವುದು. ಇನ್ನೂರ ಹದಿನಾಲ್ಕು ಮಾದರಿ. ಒಂದೊಂದಕ್ಕೂ ಸರಿಯಾದ ಚೀಟಿ. ಫ್ರಿಜ್‌ನ ಚೀಟಿ ಮಾತ್ರ ಮರೆತುಹೋಗಿತ್ತು.

ಕೆಲಸ ಒಂದು ಹದಕ್ಕೆ ಬಂದದ್ದು ಎರಡನೆಯ ಶನಿವಾರ. ಮಧ್ಯಾಹ್ನ ಮನೆಗೆ ಬಂದು ತಣ್ಣೀರಿಗೆಂದು ಫ್ರಿಜ್ ತೆರೆದಳು. ಒಳಗೆಲ್ಲ ಫಳಫಳ. ನಿಂಬೆಯ ವಾಸನೆ. ಕೆಳಗಿನ ಶೆಲ್ಫಿನಲ್ಲಿ ಮೊಸರು ಬಿಟ್ಟರೆ ಏನೂ ಇಲ್ಲ.

ಅವಳು ಮೊಸರಿನ ಪಾತ್ರೆ ಸರಿಸಿ ಹಿಂದೆ ನೋಡಿದಳು. "ರೀ, ಇಲ್ಲಿದ್ದ ಜಾಡಿ?"

ಗಂಡ ಬಟ್ಟೆ ಮಡಿಸುತ್ತಿದ್ದ. "ಇವತ್ತು ಮೊದಲ ಶನಿವಾರ ಅಲ್ವಾ? ಚೆಲ್ಲಿದೆ."

"ಚೆಲ್ಲಿದ್ರಾ?"

"ಆರು ತಿಂಗಳು ದಾಟಿ ಒಂದು ದಿನ ಆಗಿತ್ತು. ಎರಡೆರಡು ಸಲ ಲೆಕ್ಕ ಹಾಕ್ದೆ." ಅವನ ಮುಖದಲ್ಲಿ ಕೆಲಸ ಚೊಕ್ಕವಾಗಿ ಮುಗಿಸಿದವನ ತೃಪ್ತಿ. "ಕುದಿಯೋ ನೀರು ಹಾಕಿ ಎರಡು ಸಲ ತೊಳೆದಿದೀನಿ. ನೋಡು, ಜಾಡಿ ಅಲ್ಲಿ ಬೋರಲು ಹಾಕಿದೆ."

ಜಾಡಿ ಸಿಂಕಿನ ಪಕ್ಕ ಬೋರಲಾಗಿ ಮಿಂಚುತ್ತಿತ್ತು. ಅದರಲ್ಲಿ ಏನೂ ಬದುಕಿರಲು ಸಾಧ್ಯವಿರಲಿಲ್ಲ.

"ಯಾಕೇ, ಅದು ಹಳೇದೇ ಅಲ್ವಾ?"

ಅವಳು ಫ್ರಿಜ್ ಬಾಗಿಲು ಮುಚ್ಚಿದಳು. "ಹಳೇದೇ," ಅಂದಳು.

"ಮತ್ತೆ? ಹೊಸದು ಅವಳಿಗೆ ಕೊಟ್ಟಿದೀಯ, ಬೇಕಾದ್ರೆ ಅವಳ ಹತ್ರ ಅರ್ಧ ಇಸ್ಕೊಂಡ್ರಾಯ್ತು. ಅಷ್ಟಕ್ಕೆ ಮುಖ ಯಾಕೆ ಹಾಗೆ ಮಾಡ್ತೀಯ?"

ಅವಳು ನೀರು ಕುಡಿಯದೆ ಕುಳಿತಳು. ಮೂವತ್ತು ವರ್ಷ ಎರಡು ಕೈ ದಾಟಿ ಬಂದ ಯೀಸ್ಟ್ ಈಗ ಉಳಿದಿರುವುದು ಒಂದೇ ಕಡೆ, ಓರಗಿತ್ತಿಯ ಅಡುಗೆಮನೆಯಲ್ಲಿ. ನೂರಕ್ಕೆ ಹನ್ನೆರಡು. ಆ ಹನ್ನೆರಡನ್ನೂ ಮುಗಿಸುವ ಕ್ರಮವನ್ನು ಬಾಯಾರೆ ಹೇಳಿಕೊಟ್ಟವಳು ತಾನೇ. ಒಂದು ವಾರದಿಂದ ಅಲ್ಲಿಂದ ಸಂದೇಶವೂ ಇಲ್ಲ. ಸತ್ತಿದ್ದರೆ ಮಾವನಿಗೆ ಹೇಳಬೇಕಾಗುತ್ತದೆ. ಯಾರ ಕೈಯಲ್ಲಿ ಸತ್ತಿತು ಎಂದು ಅವರು ಕೇಳಿಯೇ ಕೇಳುತ್ತಾರೆ.

ಭಾನುವಾರ ಬೆಳಿಗ್ಗೆ ಅವಳು ಫೋನು ಕೂಡ ಮಾಡದೆ ಓರಗಿತ್ತಿಯ ಮನೆಗೆ ಹೋದಳು. ಮೈದುನ ಬಾಗಿಲು ತೆರೆದು, "ಓ, ಇನ್‌ಸ್ಪೆಕ್ಷನ್ ಬಂತು! ನಮ್ಮನೆ ನೀರು ಚೆನ್ನಾಗೇ ಇದೆ ಅತ್ತಿಗೆ," ಎಂದು ನಕ್ಕ. ಕೈಯಲ್ಲಿ ಚೀಲ, ತರಕಾರಿಗೆ ಹೊರಟಿದ್ದ.

ಚಿಕ್ಕವಳು ಅಡುಗೆಮನೆಯಲ್ಲಿದ್ದಳು. ದೊಡ್ಡವಳ ಕಣ್ಣು ತಪ್ಪು ಹುಡುಕುತ್ತ ಒಂದು ಸುತ್ತು ಹೊಡೆಯಿತು. ಕಟ್ಟೆ ಒರೆಸಿತ್ತು. ಸ್ಪಂಜು ಹಿಂಡಿ ಒಣಗಲು ಇಟ್ಟಿತ್ತು. ಗೋಡೆಯ ಶೆಲ್ಫಿನಲ್ಲಿ, ಬಿಸಿಲು ನೇರ ಬೀಳದ ಜಾಗದಲ್ಲಿ, ಅರ್ಧ ಲೀಟರಿನ ಒಂದು ಗಾಜಿನ ಬಾಟಲಿ. ಬಾಯಿಗೆ ಸಡಿಲವಾದ ಅಲ್ಯೂಮಿನಿಯಂ ಹಾಳೆ. ಒಳಗಿನ ನೀರು ತೆಳು ಚಹಾದ ಬಣ್ಣದ್ದು. ಅದರ ಅಂಚಿನಲ್ಲಿ ಬೆರಳಗಲದ ಬಿಳಿ ನೊರೆ.

ದೊಡ್ಡವಳು ಶೆಲ್ಫು ಹಿಡಿದುಕೊಂಡಳು. "ಎದ್ದಿದೆ."

"ಮೊನ್ನೆ ಎದ್ದಿತು. ಇದು ಎರಡನೇ ಊಟ." ಚಿಕ್ಕವಳು ಬಾಟಲಿಯನ್ನು ಇಳಿಸಿ ಎರಡು ಸುತ್ತು ಕುಲುಕಿದಳು. ನೊರೆ ಮೇಲಕ್ಕೆ ಬಂತು. "ನೀವು ಹೇಳಿದ ಹಾಗೆ ಮಾಡಲಿಲ್ಲ ಅಕ್ಕ, ಬೈಬೇಡಿ. ಜಾಡಿ ತೆಗೆದ ಕೂಡಲೇ ಸುಟ್ಟ ರಬ್ಬರಿನ ವಾಸನೆ ಬಂತು. ಮೇಲಿನ ಕಪ್ಪು ನೀರೆಲ್ಲ ಬಗ್ಗಿಸಿದೆ. ಒಂದು ಲೀಟರ್ ಹಾಕೋಕೆ ಮನಸ್ಸು ಬರಲಿಲ್ಲ. ಒಂದು ಕಿಲೋ ತೂಗೋ ಮಗು ಬಂದರೆ ಬಾಟಲಿ ತುಂಬಾ ಹಾಲು ಕುಡಿಸ್ತೀವಾ? ಎರಡು ಎಂ.ಎಲ್., ಮತ್ತೆ ಎರಡು ಎಂ.ಎಲ್. ಅಷ್ಟೇ. ಇದಕ್ಕೂ ಹಾಗೇ. ಮೊದಲು ಒಂದು ಲೋಟ ನೀರು, ಮಾಲ್ಟು ನೀವು ಹೇಳಿದ ಹದಕ್ಕೆ ಅರ್ಧ. ತೆಳ್ಳಗೆ. ಬೆಚ್ಚಗೆ ಇಟ್ಟು ಹೋಗ್ತಾ ಬರ್ತಾ ಕುಲುಕ್ದೆ. ಆರು ದಿನ ಏನೂ ಇಲ್ಲ. ನಿಮಗೆ ಹೇಳೋಕೆ ಮುಖ ಇರಲಿಲ್ಲ. ಏಳನೇ ದಿನ ನೊರೆ."

ಸರಿಯಾದ ಕ್ರಮ ಅದೇ. ದೊಡ್ಡವಳು ಅದನ್ನು ಓದಿ ಕಲಿತಿದ್ದಳು, ಅಳೆದು ಕಲಿತಿದ್ದಳು. ಇವಳು ಯಾವ ಪುಸ್ತಕವನ್ನೂ ತೆರೆಯದೆ, ಒಂದು ಸಾಲನ್ನೂ ಬರೆದುಕೊಳ್ಳದೆ ಅಲ್ಲಿಗೆ ತಲುಪಿದ್ದಳು. ಯೀಸ್ಟ್ ಉಳಿಯಿತು ಎಂಬ ನೆಮ್ಮದಿಯ ಬೆನ್ನಿಗೇ ಮತ್ತದೇ ಹೊಟ್ಟೆಕಿಚ್ಚು ಎದ್ದಿತು. ಎರಡರಲ್ಲಿ ಯಾವುದು ಮೊದಲು ಬಂತು ಎಂದು ಅವಳಿಗೇ ತಿಳಿಯಲಿಲ್ಲ.

"ಅಕ್ಕ, ಒಂದು ಕೇಳ್ಲಾ? ಚೀಟಿ ಪ್ರಕಾರ ಅದಕ್ಕೆ ಐದೇ ವಾರ ಆಗಿತ್ತು. ನಿಮ್ಮ ಫ್ರಿಜ್ ಏನಾದ್ರೂ ಕೆಟ್ಟಿತ್ತಾ?"

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಹೂಂ ಅಂದಿದ್ದರೆ ಸಾಕಿತ್ತು. ಆದರೆ ಅವಳು ಕತ್ತೆತ್ತಿದಾಗ ಸಿಂಕಿನ ಮೇಲಿನ ಟೈಲ್ಸಿನಲ್ಲಿ ಆ ಚೀಟಿ ಕಂಡಿತು. ಚಿಕ್ಕವಳು ಜಾಡಿ ತೊಳೆಯುವ ಮೊದಲು ಅದನ್ನು ಬಿಡಿಸಿ ಅಲ್ಲಿ ಅಂಟಿಸಿಟ್ಟಿದ್ದಳು. ತನ್ನದೇ ದುಂಡನೆಯ ಅಂಕೆಗಳು.

"ಅದನ್ನ ಯಾಕೆ ಇಟ್ಕೊಂಡಿದೀಯ?"

"ಜಾಡಿ ಮೇಲೆ ಹಳೇ ಅಂಟಿನ ಗುರುತು ಉದ್ದ ಇತ್ತು. ಚೀಟಿ ಗಿಡ್ಡ." ಚಿಕ್ಕವಳು ಬಾಟಲಿಯನ್ನು ಮತ್ತೆ ಶೆಲ್ಫಿಗಿಟ್ಟಳು. ಬೆನ್ನು ಈ ಕಡೆಗಿತ್ತು. "ನಮ್ಮ ಕಣ್ಣಿಗೆ ಅಂಥದ್ದು ಬೇಗ ಬೀಳುತ್ತೆ ಅಕ್ಕ. ವಾರ್ಡಲ್ಲಿ ದಿನಕ್ಕೆ ನಾಲ್ಕು ಸಲ ಕೂಸಿನ ಕೈಪಟ್ಟಿ ನೋಡ್ತೀವಿ. ಪಟ್ಟಿ ಬದಲಾದ್ರೆ ಕೆಲಸ ಹೋಗುತ್ತೆ. ಬೇರೆ ಏನು ತಪ್ಪು ಮಾಡಿದ್ರೂ ಕ್ಷಮಿಸ್ತಾರೆ, ಅದೊಂದು ಬಿಟ್ಟು."

ನಲ್ಲಿ ತೊಟ್ಟಿಕ್ಕುತ್ತಿತ್ತು. ದೊಡ್ಡವಳು ಅದನ್ನು ಬಿಗಿಯಾಗಿ ತಿರುಗಿಸಿದಳು.

"ನಾನೇ ಬದಲಾಯಿಸಿದ್ದು," ಅಂದಳು.

"ಯಾಕೆ?"

"ಎರಡನೇ ಲೋಟ."

"ಏನು?"

"ನಿನ್ನದಕ್ಕೆ ಮಾವ ಎರಡನೇ ಲೋಟ ಕೇಳಿದ್ರು. ನನ್ನದಕ್ಕೆ ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ಲ."

ಚಿಕ್ಕವಳು ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು. ಪಾಳಿಯ ಕೆಂಪೋ ಸಿಟ್ಟಿನದೋ ಗೊತ್ತಾಗಲಿಲ್ಲ. "ಒಂದು ಲೋಟಕ್ಕಾ ಅಕ್ಕ? ಆರು ದಿನ ನಾನು ನಿದ್ದೆ ಕೆಟ್ಟಿದೀನಿ. ನನ್ನ ಕೈಲಿ ಮಾವನ ಯೀಸ್ಟ್ ಸತ್ತುಹೋಯ್ತು ಅಂತ ಡ್ಯೂಟಿಯಲ್ಲಿ ಅತ್ತಿದೀನಿ. ಪಕ್ಕದವಳು ಯಾವ ಮಗು ಅಂತ ಕೇಳಿದ್ಲು." ಅವಳು ಒರೆಸುವ ಬಟ್ಟೆಯನ್ನು ಕಟ್ಟೆಯ ಮೇಲೆ ಎಸೆದಳು. "ಹೋಗ್ಲಿ. ಒಳ್ಳೇ ಜಾಡಿ ನಿಮ್ಮ ಹತ್ರಾನೇ ಇದೆಯಲ್ಲ. ಅದರಲ್ಲಿ ಮಾಡಿ ತನ್ನಿ, ನೀವೇ ಗೆಲ್ಲಿ. ಯಾರು ಬೇಡ ಅಂದ್ರು?"

"ಇಲ್ಲ."

"ಏನಿಲ್ಲ?"

"ಒಳ್ಳೇ ಜಾಡಿ ಇಲ್ಲ. ಅದಕ್ಕೆ ಹಳೇ ಚೀಟಿ ಅಂಟಿಸಿದ್ದೆ. ನಿನ್ನೆ ಮೊದಲ ಶನಿವಾರ. ನಿಮ್ಮ ಭಾವ ಚೆಲ್ಲಿಬಿಟ್ಟರು."

ಚಿಕ್ಕವಳ ತುಟಿ ಅದುರಿತು. ತಡೆಯಲು ನೋಡಿದಳು, ಆಗಲಿಲ್ಲ.

"ಕುದಿಯೋ ನೀರು ಹಾಕಿದ್ರಾ?"

"ಎರಡು ಸಲ."

ಚಿಕ್ಕವಳು ಕಟ್ಟೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ದೊಡ್ಡವಳು ನಗಲಿಲ್ಲ. ಈ ನಗುವಿನಲ್ಲಾದರೂ ಒಂದಿಷ್ಟು ವಿಷ ಇದ್ದಿದ್ದರೆ ತನಗೆ ಹಗುರವಾಗುತ್ತಿತ್ತು ಎನಿಸಿತು. ಹುಡುಕಿದಳು. ಇರಲಿಲ್ಲ.

ನಗು ಮುಗಿದ ಮೇಲೆ ಚಿಕ್ಕವಳು ಮೂಗು ಒರೆಸಿಕೊಂಡು, "ಇದರಲ್ಲೇ ಅರ್ಧ ತಗೊಂಡು ಹೋಗಿ. ಇಬ್ಬರೂ ಮಾಡೋಣ," ಅಂದಳು.

ದೊಡ್ಡವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಟಲಿಯಲ್ಲಿರುವುದು ಇನ್ನೊಂದು ಊಟದ ನಂತರ ಒಂದು ಡ್ರಮ್ಮಿಗೆ ಸಾಕಾಗುತ್ತದೆ. ಅರ್ಧ ಮಾಡಿದರೆ ಇಬ್ಬರದೂ ಸೊರಗುತ್ತದೆ. ಎರಡು ಪಾಲಾಗುವಷ್ಟು ಬೆಳೆಸಲು ಮತ್ತೆ ಹತ್ತು ದಿನ ಬೇಕು; ಹುದುಗಲು ಎರಡು ವಾರ, ಬಾಟಲಿಯಲ್ಲಿ ಗುಳ್ಳೆ ಕಟ್ಟಲು ಇನ್ನೆರಡು. ಹುಟ್ಟುಹಬ್ಬಕ್ಕೆ ಉಳಿದಿರುವುದು ಐದೇ ವಾರ.

"ಅರ್ಧ ಮಾಡಬೇಡ. ನೀನೇ ಮಾಡು," ಎಂದಳು. ಈ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಇಷ್ಟವಾಗಲಿಲ್ಲ. ಆದರೆ ಲೆಕ್ಕ ಹಾಗಿತ್ತು.

"ಹಾಗಾದ್ರೆ ಒಂದು ಮಾಡಿ. ಸೋಮವಾರದಿಂದ ನನಗೆ ಸಂಜೆ ಪಾಳಿ. ಇವರಿಗೆ ಕುಲುಕು ಅಂದ್ರೆ ಕಾಕ್‌ಟೇಲ್ ಮಾಡಿದ ಹಾಗೆ ಮಾಡ್ತಾರೆ. ಕೀಲಿ ಕೊಡ್ತೀನಿ. ಕೆಲಸದಿಂದ ಬರುವಾಗ ನೀವು ಹತ್ತಿ ಬಂದು ಕುಲುಕಿ ಹೋಗಿ."

"ನನಗೆ ಕೀಲಿ ಕೊಡ್ತೀಯಾ?"

"ಮತ್ತಿನ್ಯಾರಿಗೆ ಕೊಡ್ಲಿ?"

ಹೀಗೆ ನಾಲ್ಕು ಸಂಜೆ ದೊಡ್ಡ ಸೊಸೆ ಓರಗಿತ್ತಿಯ ಖಾಲಿ ಅಡುಗೆಮನೆಯಲ್ಲಿ ನಿಂತು, ಅವಳ ಗೆಲುವನ್ನು ಕೈಯಾರೆ ಕುಲುಕಿದಳು. ಕೈ ಸೋಪಿನಲ್ಲಿ ತೊಳೆದು, ಹಾಳೆಯ ಅಂಚು ಮುಟ್ಟದೆ, ಬಾಟಲಿಯ ಕತ್ತು ಹಿಡಿದು ಇಪ್ಪತ್ತು ಸುತ್ತು. ಹಾಳೆ ತೆಗೆದು ಒಂದು ಸಲ ಉಸಿರು ಬಿಟ್ಟಿದ್ದರೂ ಸಾಕಿತ್ತು, ಕೆಡಿಸಲು. ಅವಳು ಬಾಟಲಿಯನ್ನು ಎತ್ತಿದಾಗ ಉಸಿರು ಬಿಗಿಹಿಡಿಯುತ್ತಿದ್ದಳು. ನಾಲ್ಕನೆಯ ದಿನ ತಳದಲ್ಲಿ ಬೆಣ್ಣೆ ಬಣ್ಣದ ಪದರ ಎರಡು ಬೆರಳು ದಪ್ಪವಾಗಿತ್ತು. ತನ್ನ ಜಾಡಿಯಲ್ಲಿ ಅದು ಎಂದೂ ಅಷ್ಟು ಬೆಳ್ಳಗೆ ಕೂತದ್ದಿಲ್ಲ. ಅಥವಾ ಕೂತಿತ್ತೇನೋ, ಆಗ ನೋಡಲು ಹೊಟ್ಟೆಕಿಚ್ಚಿನ ಕಣ್ಣು ಇರಲಿಲ್ಲ.

ಮಾವನ ಎಂಬತ್ತನೆಯ ಹುಟ್ಟುಹಬ್ಬದ ಮಧ್ಯಾಹ್ನ ಮೂರನೇ ಮಹಡಿಯ ಮನೆ ತುಂಬಿತ್ತು. ಕಾರ್ಖಾನೆಯ ಹಳೆಯ ಗೆಳೆಯರು ನಾಲ್ವರು ಸೋಫಾದಲ್ಲಿ ಒತ್ತೊತ್ತಾಗಿ ಕೂತಿದ್ದರು. ಚಿಕ್ಕವಳು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮಾವ ದೊಡ್ಡವಳ ಖಾಲಿ ಕೈ ನೋಡಿದರು.

"ನಿಂದೆಲ್ಲಿ ದೊಡ್ಡವಳೇ?"

ಚಿಕ್ಕವಳು ಬಾಯಿ ಹಾಕಲು ಹೊರಟಳು. ದೊಡ್ಡವಳು ಬಿಡಲಿಲ್ಲ. "ನನ್ನ ಮನೇಲಿದ್ದ ಯೀಸ್ಟ್ ಹೋಯ್ತು ಮಾವ. ನನ್ನ ತಪ್ಪಿಂದ. ಉಳಿಸಿದ್ದು ಇವಳು. ನೀವು ಹೇಳಿದ ಹಾಗೆ ಇನ್ನು ಅದು ಇವಳ ಮನೇಲೇ ಇರ್ಲಿ."

ಅವಳ ಗಂಡ ಆ ಕಡೆಯಿಂದ, "ಅದು ಹಳೇದಲ್ವೇನೇ?" ಎಂದ.

ಮಾವ ಲೋಟ ಚಾಚಿದರು. ಚಿಕ್ಕವಳು ಸುರಿದಳು. ಅವರು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದರು. ದೊಡ್ಡವಳು ಅವರ ಗಂಟಲಿನ ಏರಿಳಿತವನ್ನೇ ನೋಡುತ್ತಿದ್ದಳು. ಲೋಟ ಖಾಲಿಯಾಯಿತು. ಬೆಳಕಿಗೆ ಹಿಡಿದು ತಳ ನೋಡಿದರು.

"ತಪ್ಪಿಲ್ಲ," ಅಂದರು.

ಚಿಕ್ಕವಳ ಮುಖ ಇಳಿಯಿತು. "ಅಷ್ಟೇನಾ ಮಾವ? ಇನ್ನೊಂದು ಲೋಟ ಹಾಕ್ಲಾ?"

"ಬೇಡಮ್ಮ. ಸಾಕು."

"ಆವತ್ತು ಎರಡನೇ ಲೋಟ ಕೇಳಿದ್ರಿ."

"ಆವತ್ತಿಂದು ಹೊರಗಿನ ಯೀಸ್ಟು. ಹೋಟೆಲ್ ಊಟ ಹೊಗಳ್ತೀವಿ. ಮನೆ ಊಟ ಯಾರಾದ್ರೂ ಹೊಗಳ್ತಾರಾ? ಉಪ್ಪು ಖಾರ ಸರಿ ಇದ್ರೆ ಎದ್ದು ಕೈ ತೊಳ್ಕೋತೀವಿ." ಮಾವ ಲೋಟವನ್ನು ಮೇಜಿಗಿಟ್ಟರು. "ನಾನು ಹತ್ತೊಂಬತ್ತು ವರ್ಷ ಮಾಡಿದೀನಿ. ನನ್ನದಕ್ಕೆ ನಾನು ತಪ್ಪಿಲ್ಲ ಅಂದಿದ್ದು ಹೆಚ್ಚೂ ಕಡಿಮೆ ನಾಲ್ಕೇ ಸಲ. ಇವಳಿಗೆ ಪ್ರತಿ ಸಲ ಅಂದಿದೀನಿ." ಗಲ್ಲ ಎತ್ತಿ ದೊಡ್ಡವಳ ಕಡೆ ತೋರಿಸಿದರು. "ಈಗ ನಿನಗೆ."

ಸೋಫಾದ ಗೆಳೆಯರು ಹೋ ಎಂದು ಚಪ್ಪಾಳೆ ತಟ್ಟಿದರು. ಚಿಕ್ಕವಳ ಮುಖ ಅರಳಿತು, ದೊಡ್ಡವಳ ಭುಜಕ್ಕೆ ಭುಜ ತಾಗಿಸಿ, "ಕೇಳಿದ್ರಾ ಅಕ್ಕ?" ಅಂದಳು.

ಕೇಳಿಸಿತ್ತು. ಹನ್ನೊಂದು ವರ್ಷ ಜಿಪುಣತನ ಎಂದುಕೊಂಡಿದ್ದ ಆ ಒಂದು ಪದ ಅಷ್ಟೂ ದಿನ ತನ್ನೊಬ್ಬಳದಾಗಿತ್ತು ಎಂದು ದೊಡ್ಡವಳಿಗೆ ಈಗ ತಿಳಿಯಿತು. ತಿಳಿದ ಗಳಿಗೆಯಲ್ಲೇ ಅದು ಇಬ್ಬರ ಪಾಲಾಗಿತ್ತು. ಎರಡನೇ ಲೋಟಕ್ಕೆ ಉರಿದದ್ದು ಇದರ ಮುಂದೆ ಏನೂ ಅಲ್ಲ ಎನಿಸಿತು.

ಹೊರಡುವಾಗ ಚಿಕ್ಕವಳು ಚೀಲದಿಂದ ಒಂದು ಜಾಡಿ ತೆಗೆದು ಅವಳ ಕೈಗಿಟ್ಟಳು. ಡ್ರಮ್ಮಿಗೆ ಹಾಕುವ ಮೊದಲೇ ತೆಗೆದಿಟ್ಟ ಪಾಲು. ಚೀಟಿಯ ಮೇಲೆ ನರ್ಸುಗಳ ಅವಸರದ ಅಕ್ಷರದಲ್ಲಿ ತಾರೀಕು, ಮೂವತ್ತೊಂಬತ್ತರಿಂದ ಹುಟ್ಟಿದ್ದರಿಂದ ನಲವತ್ತನೆಯ ತಲೆಮಾರು, ಅದರ ಕೆಳಗೆ ತೂಕ: ಇನ್ನೂರ ಹತ್ತು ಗ್ರಾಂ. "ಎರಡು ಮನೇಲೂ ಇರ್ಲಿ ಅಕ್ಕ. ಒಂದೇ ಕಡೆ ಇದ್ರೆ ಏನಾಗುತ್ತೆ ಅಂತ ನೋಡಿದ್ವಲ್ಲ."

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ದೊಡ್ಡವಳು ಒಂದು ಹನಿಗೆ ನೀಲಿ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೂರಕ್ಕೆ ನಾಲ್ಕು ನೀಲಿ. ಇಷ್ಟು ಕಡಿಮೆ ಇರಲಾರದು ಎಂದು ಇನ್ನೊಂದು ಹನಿ ತೆಗೆದು ಎಣಿಸಿದಳು. ಮೂರು.

ಮುಂದಿನ ತಿಂಗಳ ಮೊದಲ ಶನಿವಾರ ಗಂಡ ಫ್ರಿಜ್ ಒರೆಸುತ್ತ ಆ ಜಾಡಿಯನ್ನು ಎತ್ತಿ ಹಿಡಿದ. "ಏನೇ, ಈ ಚೀಟಿ ನಿನ್ನ ಅಕ್ಷರ ಅಲ್ವಲ್ಲ. ತೂಕ ಬೇರ್ಯಾಕೆ ಬರೆದಿದೆ? ಕಿತ್ತು ಹೊಸದು ಬರೀಲಾ?"

ಅವಳು ಅವನ ಕೈಯಿಂದ ಜಾಡಿ ತೆಗೆದುಕೊಂಡು, ಚೀಟಿಯ ಎದ್ದಿದ್ದ ಒಂದು ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು.

"ಮುಟ್ಟಬೇಡಿ," ಅಂದಳು. "ಆ ಜಾಡಿಯ ಚೀಟಿ ಅದೇ."